ಕುಮಾರರಾಮನ ಐತಿಹ್ಯ
ಕುಮಾರರಾಮನ ಐತಿಹ್ಯ: 14ನೆಯ ಶತಮಾನದ ಕಂಪಿಲಿ ರಾಜ್ಯದ ಪತನವನ್ನು ಬಾಯಿಂದ ಬಾಯಿಗೆ ಹರಿದ ಹಾಡು, ಕಥೆಗಳು ವೀರಪುರಾಣವಾಗಿಸಿದ ಕನ್ನಡ ಜನಪದ ಕಥಾನಕ. ಕಥಾನಾಯಕ ಕಂಪಿಲಿಯ ಅರಸ ಕಂಪಿಲರಾಯನ ಮಗ ರಾಮನಾಥ, ಅಂದರೆ ಕುಮಾರರಾಮ. ನೆಲೆ ತುಂಗಭದ್ರಾ ಸೀಮೆಯ ಕುಮ್ಮಟದುರ್ಗ, ಹೊಸಮಲೆದುರ್ಗ. ದೆಹಲಿಯ ವಿರುದ್ಧ ಬಂಡೆದ್ದ ಬಹಾಉದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯವಿತ್ತದ್ದರಿಂದ 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೇನೆ ರಾಜ್ಯವನ್ನು ಅಳಿಸಿತು. ರಾಯನು ಹೋರಾಡಿ ಮಡಿದನೆಂದೂ ಅವನ ಮಕ್ಕಳು ಸೆರೆಯಾದರೆಂದೂ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.

ಐತಿಹ್ಯದಲ್ಲಿ ಈ ರಾಜಕೀಯ ಕಾರಣ ಹಿಂದೆ ಸರಿದು ಮನೆಯೊಳಗಿನ ಕಲಹ ಮುಂದೆ ಬರುತ್ತದೆ. ಚೆಂಡು ತರಲು ಅಂತಃಪುರಕ್ಕೆ ಬಂದ ರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ. ಅವನು ಒಲ್ಲೆನೆಂದಾಗ ಸುಳ್ಳು ದೂರು ಹೊರಿಸುತ್ತಾಳೆ. ತಂದೆ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ಶತ್ರು ಮುತ್ತಿದಾಗ ಹೊರಬಂದ ರಾಮ ಕಾದಾಡಿ ಮಡಿಯುತ್ತಾನೆ. ದೆಹಲಿಯ ಪಡೆಗೆ ಮಾತಂಗಿಯೆಂಬ ಹೆಣ್ಣು ನಾಯಕಿ. ಮಲತಾಯಿಯ ಆಶಯ ಅಶೋಕನ ಮಗ ಕುಣಾಲ, ಸಾರಂಗಧರರ ಕಥೆಗಳಲ್ಲೂ ಇರುವುದರಿಂದ ಇದನ್ನು ಇತಿಹಾಸವೆನ್ನುವುದಕ್ಕಿಂತ ಸಂಚಾರಿ ಆಶಯವೆನ್ನುವುದೇ ಯುಕ್ತ. ಸೋತ ಯುದ್ಧ ಹೀಗೆ ಶೀಲದ ಗೆಲುವಾಯಿತು. ನಾಯಕನಿಗೆ ‘ಪರನಾರೀ ಸಹೋದರ’ ಎಂಬ ಬಿರುದು ನಿಂತಿತು.

16ನೆಯ ಶತಮಾನದ ನಂಜುಂಡಕವಿ ಸಾಂಗತ್ಯ ಛಂದಸ್ಸಿನಲ್ಲಿ ರಚಿಸಿದ ರಾಮನಾಥಚರಿತೆಯಲ್ಲಿ ನಾಯಕ ಅರ್ಜುನನ ಅವತಾರ. ಪಾಂಚಾಳಗಂಗನೂ ಇದೇ ವಸ್ತುವಿನ ಕಾವ್ಯ ಬರೆದಿದ್ದಾನೆ. ಬಯಲಾಟ, ಹಾಡುಗಳಲ್ಲಿ ಕಥೆ ಉಳಿದಿದೆ. ಕೆಲವೆಡೆ ಕುಮಾರರಾಮನಿಗೆ ಪೂಜೆಯೂ ಸಲ್ಲುತ್ತದೆ.