ಸೇಬಿನ ತೋಟದ ರಕ್ಷಣೋಪಾಯಗಳು

ಸೇಬಿನ ಕಾಯಿಯನ್ನು ಒಳಗಿನಿಂದ ತಿಂದು ಬಲಿತ ಕಾಯಿಕೊರಕ ಹುಳುವು, ಉಣ್ಣುವ ಕಾಲ ತೀರಿದೊಡನೆ ಹೊರಬಿದ್ದು, ಗೂಡು ನೇಯುವುದಕ್ಕೆ ಮರೆಯಾದ ಎಡೆಯನ್ನರಸುತ್ತ ಕಾಂಡದ ಮೇಲೆ ಅಲೆಯುತ್ತದೆ. ಈ ಒಂದು ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು, ಅಮೆರಿಕದ ನ್ಯೂಜೆರ್ಸಿಯ ವೈದ್ಯರಾದ ಐಸಾಕ್ ಟ್ರಿಂಬಲ್ ಎಂಬವರು, 1865ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋಟಗಾರರಿಗೆ ಒಂದು ಉಪಾಯವನ್ನು ಬೋಧಿಸಿದರು: ಒಣಹುಲ್ಲನ್ನು ಹೊಸೆದು ಕಾಂಡದ ಸುತ್ತ ಬಿಗಿದರೆ ಹುಳುಗಳು ತಾವಾಗಿಯೇ ಬಂದು ಅದರಲ್ಲಿ ಅಡಗುವುವು, ಆಗಾಗ್ಗೆ ಅದನ್ನು ಬಿಚ್ಚಿ ಅವುಗಳನ್ನು ನಾಶಪಡಿಸಿದರೆ ಮುಂದಿನ ಪೀಳಿಗೆ ಅಷ್ಟರಮಟ್ಟಿಗೆ ಕುಗ್ಗುವುದು. ಹುಲ್ಲಿನ ಸ್ಥಾನವನ್ನು ಮುಂದೆ ಗೋಣಿತಟ್ಟು ಆಕ್ರಮಿಸಿತು. ಇಂದಿನ ಸಾವಯವ ತೋಟಗಳಲ್ಲಿ ಅಲೆಯಲೆಯಾದ ರಟ್ಟಿನ ಪಟ್ಟಿ ಅದೇ ಕಾರ್ಯವನ್ನು ನಿರ್ವಹಿಸುತ್ತಿದೆ. ಎಳೆಗಾಯಿಗೆ ಗಾಯ ಮಾಡಿ ಮೊಟ್ಟೆಯಿಡುವ ಮೂತಿದುಂಬಿಯನ್ನು ಹಿಡಿಯುವ ಕ್ರಮವೂ ಹೀಗೆಯೇ ಪ್ರತ್ಯಕ್ಷ ಪರಿಶೀಲನೆಯಿಂದ ಹುಟ್ಟಿದುದು. ಬೆಳಗಿನ ಚಳಿಗೆ ಮರಗಟ್ಟಿದ ಆ ದುಂಬಿಯು ಮರ ನಡುಗಿದರೆ ಸತ್ತಂತೆ ನಟಿಸಿ ಕೆಳಗುರುಳುವುದಾದ್ದರಿಂದ, ಸೂರ್ಯೋದಯಕ್ಕೆ ಮೊದಲೇ ಮರದಡಿ ಬಟ್ಟೆ ಹಾಸಿ, ತೊಗಟೆಗೆ ನೋವಾಗದಂತೆ ಬಟ್ಟೆ ಸುತ್ತಿದ ಕೊಡತಿಯಿಂದ ಕೊಂಬೆಗಳನ್ನು ಬಡಿಯುತ್ತಿದ್ದರು.

ಇವು ಬಡವನಿಗೂ ಎಟುಕುವ ಸಾಧನಗಳಾಗಿದ್ದುವಾದರೂ ಅಪಾರ ಶ್ರಮವನ್ನು ಬೇಡುತ್ತಿದ್ದುವು. ಮಾರುಕಟ್ಟೆ ಹಿಗ್ಗಿ ತೋಟಗಳು ವಿಸ್ತಾರಗೊಂಡಂತೆ ಅಷ್ಟು ಕೈಗಳು ದೊರೆಯದಾದುವು. ಆಲೂಗಡ್ಡೆಯ ದುಂಬಿಗೆ ಆಗಲೇ ಎರಚಲಾಗುತ್ತಿದ್ದ ಪ್ಯಾರಿಸ್ ಗ್ರೀನ್ ಎಂಬ ಪಾಷಾಣಯುಕ್ತ ಹಸಿರು ಬಣ್ಣವು, 1870ರ ದಶಕದ ಕೊನೆಯಲ್ಲಿ, ಸೇಬಿನ ಕಾಯಿಕೊರಕವನ್ನೂ ಕೊಲ್ಲಬಲ್ಲುದೆಂಬುದು ನ್ಯೂಯಾರ್ಕ್ ಪ್ರಾಂತದ ತೋಟಗಾರರಿಗೆ ಗೋಚರವಾಯಿತು. 1892ರಲ್ಲಿ ಮೆಸಾಚುಸೆಟ್ಸಿನಲ್ಲಿ ಬೇರೊಂದು ಪತಂಗದ ನಿಗ್ರಹಕ್ಕಾಗಿ ಸಿದ್ಧಪಡಿಸಲಾದ ಸೀಸದ ಆರ್ಸೆನೇಟು ಎಲೆಯನ್ನು ಸುಡದೆ, ಮಳೆಗೂ ಸುಲಭವಾಗಿ ತೊಳೆದುಹೋಗದೆ ಅಂಟಿಕೊಳ್ಳುವ ಗುಣದಿಂದ ಅದನ್ನು ಹಿಂದೆ ಹಾಕಿತು. ಹೂವಿನ ದಳಗಳು ಉದುರಿದ ಮೇಲೆ, ಪುಷ್ಪಪಾತ್ರೆಯ ಹಾಳೆಗಳು ಮುಚ್ಚಿಕೊಳ್ಳುವ ಮುನ್ನ, ಕೆಲವೇ ದಿನಗಳ ಅವಕಾಶದಲ್ಲಿ, ಮೇಲ್ಮುಖವಾಗಿರುವ ಆ ಕಿರುಬಟ್ಟಲಿಗೆ ವಿಷವನ್ನು ತುಂಬುವುದೇ ಅಂದಿನ ಸಿಂಪರಣೆಯ ಮರ್ಮವಾಗಿತ್ತು. ಮುಂದೆ ಆ ದ್ವಾರದಿಂದಲೇ ಒಳನುಗ್ಗುವ ಮರಿಹುಳುವು ಮೊದಲ ತುತ್ತಿಗೇ ಸಾಯುತ್ತಿತ್ತು. ಈ ಸೂಕ್ಷ್ಮಜ್ಞಾನವನ್ನು ನಾನು ಗೌರವಿಸುತ್ತೇನೆ. ಆದರೆ ವಿಷದ ಸೌಲಭ್ಯವು ಕ್ರಮೇಣ ಜ್ಞಾನವನ್ನೇ ಅನಾವಶ್ಯಕವೆನ್ನಿಸಿ, ಒಂದು ಸಿಂಪರಣೆಯಿದ್ದಲ್ಲಿ ಹಲವಾದುವು. ಹುಳುಗಳು ವಿಷವನ್ನು ಸಹಿಸತೊಡಗಿದುವು. ಹಣ್ಣಿನ ಮೇಲೆ ಉಳಿದ ಪಾಷಾಣದ ಬಗ್ಗೆ 1920ರ ದಶಕದಲ್ಲಿ ಇಂಗ್ಲೆಂಡು ಆಕ್ಷೇಪಿಸಿದ ತರುವಾಯ ಅಮೆರಿಕದ ಸೇಬನ್ನು ಆಮ್ಲದಲ್ಲಿ ತೊಳೆದು ಕಳುಹಿಸುವ ಯಂತ್ರಗಳೂ ಬಂದುವು. ಸೀಸವಾಗಲಿ ಪಾಷಾಣವಾಗಲಿ ಮಣ್ಣಿನಲ್ಲಿ ಕೊಳೆತು ಇಲ್ಲವಾಗುವ ಪದಾರ್ಥಗಳಲ್ಲವಾದುದರಿಂದ, ಆ ಹಳೆಯ ತೋಟಗಳ ಮೇಲ್ಮಣ್ಣಿನಲ್ಲಿ ಅವು ಇಂದಿಗೂ ಉಳಿದುಕೊಂಡಿವೆ.

ಇದೇ ಕಾಲಕ್ಕೆ ಸೇರಿದ ಮತ್ತೊಂದು ಔಷಧಿ ಮಾತ್ರ ನಮ್ಮ ಮಲೆನಾಡಿನವರಿಗೆ ಅಪರಿಚಿತವಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕೀಳದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚಿದ್ದ ಕಡೆಯಲ್ಲಿ ಬೂಷ್ಟುರೋಗವಿಲ್ಲದಿರುವುದನ್ನು 1882ರಲ್ಲಿ ಕಂಡ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದರ ಪಾಕವನ್ನು ಪ್ರಕಟಿಸಿದರು. ಸೇಬಿನ ಕಜ್ಜಿರೋಗಕ್ಕೆ ಔಷಧಿಯಾಗಿ ಖಂಡಾಂತರಗಳಿಗೆ ಹರಡಿದ ಆ ದ್ರಾವಣವನ್ನು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ತೋಟಗಳಿಗೆ ಹೀಗೆ ಪಿಚಕಾರಿಯೂ ಬೋರ್ಡೋ ದ್ರಾವಣವೂ ಪ್ರವೇಶಿಸಿದುವು. ಮುಚ್ಚಿ ಕಾಪಾಡುವ ಕ್ರಮವಾದರೋ ಸೇಬಿನ ನಾಡಿನಲ್ಲಿಯೂ ಉಂಟು: ಜಪಾನಿನ ಅವೊಮೊರಿಯ ತೋಟಗಾರರು ಒಂದೊಂದು ಕಾಯಿಗೂ ಕಾಗದದ ಚೀಲವನ್ನು ತೊಡಿಸುತ್ತ ಬಂದಿದ್ದಾರೆ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ತ್ವದ್ದೆನಿಸುವ ಅಧ್ಯಾಯವು ಕೆನಡಾದ ಪೂರ್ವತೀರದ ನೋವಾಸ್ಕೋಷಿಯದಲ್ಲಿ, ಫ್ರೆಂಚ್ ವಲಸೆಗಾರರು ಹದಿನೇಳನೆಯ ಶತಮಾನದಲ್ಲಿಯೇ ಸೇಬನ್ನು ನೆಟ್ಟಿದ್ದ ಅನ್ನಾಪೊಲಿಸ್ ಕಣಿವೆಯಲ್ಲಿ ನಡೆದುದು. ಅಲ್ಲಿನ ತಂಪಾದ ತೇವಭರಿತ ಹವೆಗೆ ಕಜ್ಜಿರೋಗವು ಪ್ರಬಲವಾದುದರಿಂದ ತೋಟಗಾರರು ಗಂಧಕದ ಔಷಧಿಗಳನ್ನು ಹೇರಳವಾಗಿ ಸಿಂಪಡಿಸುತ್ತಿದ್ದರು. ಹಾಗಿರಲು, ಅದುವರೆಗೆ ಅಲ್ಪವೆಂದೇ ಎಲ್ಲರೂ ಗಣಿಸಿದ್ದ, ಕಪ್ಪೆಚಿಪ್ಪಿನ ಆಕಾರದ ಒಂದು ಶಲ್ಕಕೀಟವು 1930ರ ಸುಮಾರಿಗೆ ಕೊಂಬೆಕೊಂಬೆಗೂ ಹುರುಪೆಗಟ್ಟುವಷ್ಟು ವೃದ್ಧಿಸಿತು. ಅಲ್ಲಿನ ಕೀಟಶಾಸ್ತ್ರಜ್ಞರಾದ ಎ. ಡಿ. ಪಿಕೆಟ್ ಮತ್ತು ಅವರ ಸಹೋದ್ಯೋಗಿಗಳು ಹೊಸ ವಿಷವನ್ನು ಹುಡುಕಹೊರಡದೆ, ಸಿಂಪಡಿಸಿದ ಮತ್ತು ಸಿಂಪಡಿಸದ ಮರಗಳಲ್ಲಿ ವಾಸಿಸುವ ಜೀವಿಗಳನ್ನು ವರ್ಷಾನುವರ್ಷ ಎಣಿಸುತ್ತ ಕುಳಿತರು. ಶಲ್ಕಕೀಟವನ್ನು ಹತೋಟಿಯಲ್ಲಿಟ್ಟಿದ್ದುದು ಒಂದು ಪರೋಪಜೀವಿ ಕಣಜವೂ ಒಂದು ನುಸಿಯೂ ಎಂಬುದನ್ನು, ಅವೆರಡನ್ನೂ ಗಂಧಕವೇ ಕೊಲ್ಲುತ್ತಿದ್ದಿತೆಂಬುದನ್ನು ಅವರಲ್ಲೊಬ್ಬರಾದ ಎಫ್. ಟಿ. ಲಾರ್ಡ್ ಅವರು 1947ರಲ್ಲಿ ಪ್ರಕಟಪಡಿಸಿದರು. ಗಂಧಕಕ್ಕೆ ಬದಲಾಗಿ ತಾಮ್ರದ ಮತ್ತು ಇತರ ಸೌಮ್ಯವಾದ ಶಿಲೀಂಧ್ರನಾಶಕಗಳನ್ನು ಬಳಸಿದೊಡನೆ ಕಣಜ ಮತ್ತು ನುಸಿಗಳು ಮರಳಿದುವು, ಶಲ್ಕಕೀಟ ತಗ್ಗಿತು. ಕಾಯಿಕೊರಕಕ್ಕೂ ಅವರು ಡಿ.ಡಿ.ಟಿ.ಯನ್ನು ವರ್ಜಿಸಿ, ಮಿತ್ರಕೀಟಗಳನ್ನು ಅಷ್ಟಾಗಿ ಬಾಧಿಸದ ರೈಯಾನಿಯ ಎಂಬ ಸಸ್ಯಮೂಲದ ಪುಡಿಯನ್ನು ಶಿಫಾರಸು ಮಾಡಿದರು. ರಾಚೆಲ್ ಕಾರ್ಸನ್ ಅವರು 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಪಿಕೆಟ್ಟರ ಕಾರ್ಯವನ್ನು ಆದರದಿಂದ ಸ್ಮರಿಸಿದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ತೋಟದ ಸಮತೋಲವನ್ನು ಕೆಡಿಸಿದ ಗಂಧಕವು ಸಾವಯವ ಕೃಷಿಯ ನಿಯಮಗಳಲ್ಲಿ ಇಂದಿಗೂ ಅನುಮತವಾದ ವಸ್ತು. ಪ್ರಕೃತಿಯಿಂದ ದೊರೆತುದೆಂಬ ಮಾತ್ರಕ್ಕೆ ಪದಾರ್ಥವೊಂದು ನಿರಪಾಯವೆನ್ನುವಂತಿಲ್ಲ. ತಾಮ್ರವು ಸಹ ಮಣ್ಣಿನಲ್ಲಿ ಸಂಚಯಗೊಳ್ಳುವುದರಿಂದ, ಐರೋಪ್ಯ ಒಕ್ಕೂಟವು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗ್ರಾಂ ಎಂಬ ಮಿತಿಯನ್ನು ಅದಕ್ಕೆ ವಿಧಿಸಿದೆ.

ತರುವಾಯದ ಆವಿಷ್ಕಾರಗಳು ಒಂದೊಂದು ಕೀಟದ ಜೀವನವೃತ್ತವನ್ನು ಮತ್ತಷ್ಟು ಸಮೀಪದಿಂದ ಅರಿತುದರ ಫಲಗಳು. ಕಾಯಿಕೊರಕದ ಹೆಣ್ಣುಪತಂಗವು ಗಂಡನ್ನು ಕರೆಯುವ ಗಂಧದ್ರವ್ಯವನ್ನು 1971ರಲ್ಲಿ ವೆಂಡೆಲ್ ರೋಲೊಫ್ಸ್ ಮತ್ತು ಸಂಗಡಿಗರು ಗುರುತಿಸಿದರು. ಅದನ್ನು ತುಂಬಿದ ಸಣ್ಣ ನಳಿಕೆಗಳನ್ನು ಕೊಂಬೆಗಳಿಗೆ ಕಟ್ಟಿ, ಗಾಳಿಯೆಲ್ಲ ಅದೇ ವಾಸನೆಯಾಗುವಂತೆ ಮಾಡಿದರೆ ಗಂಡುಪತಂಗವು ಸಂಗಾತಿಯನ್ನು ಕಾಣಲಾರದು. ಮೆಕ್ಸಿಕೋ ದೇಶದ ಸೇಬಿನ ತೋಟದಲ್ಲಿ 1963ರಲ್ಲಿ ರೋಗಗ್ರಸ್ತ ಹುಳುಗಳಿಂದ ದೊರೆತ ಒಂದು ವೈರಾಣುವನ್ನು, ಕಾಯಿಕೊರಕದ ಹೊರತು ಮನುಷ್ಯನನ್ನಾಗಲಿ ಜೇನನ್ನಾಗಲಿ ಮುಟ್ಟದೆಂಬ ಕಾರಣದಿಂದ, ಐರೋಪ್ಯ ಸಾವಯವ ತೋಟಗಾರರು ವರ್ಷವರ್ಷವೂ ಅದೊಂದನ್ನೇ ನೆಚ್ಚಿ ಸಿಂಪಡಿಸಿದರು. 2005ರಲ್ಲಿ ಜರ್ಮನಿಯ ಅಂಥ ಕೆಲವು ತೋಟಗಳಲ್ಲಿ ಆ ವೈರಾಣುವಿಗೆ ಜಗ್ಗದ ಹುಳುಗಳು ಕಾಣಿಸಿಕೊಂಡುದಾಗಿ ವರದಿಯಾಯಿತು. ಅದರ ಬೇರೆ ತಳಿಗಳನ್ನು ಅರಸಿ ಪರೀಕ್ಷಿಸುವ ಕಾರ್ಯವು ಅಲ್ಲಿಂದಾಚೆಗೆ ಪ್ರಯೋಗಶಾಲೆಗಳಲ್ಲಿ ಮುಂದುವರಿದಿದೆ.