ಬಚ್ಚಲ ಗೋಡೆಗೆ ಟೈಲ್ಸಾ? ಮೊದಲು ಬೀದರಿನ ಮದರಸಾ ನೋಡಿ

ಔರಾದ ಕಡೆ ಹಳೆ ಬಚ್ಚಲು ಒಡೆದು ಹೊಸದು ಕಟ್ಟುವಾಗ ಗೌಂಡಿ ಕೇಳುವ ಮಾತು: "ಗೋಡೆಗೆ ಟೈಲ್ಸ್ ಎಲ್ಲಿ ತನಕ ಹಚ್ಚೋಣ್ರಿ?" ಬೀದರಿನಲ್ಲಿ ಈ ಪ್ರಶ್ನೆಗೆ 550 ವರ್ಷ ವಯಸ್ಸಾಗಿದೆ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದಾಗ ತನ್ನ ಸೀಮೆಯ ರೀತಿಯಲ್ಲೇ ಗೋಡೆಗೆ ಬಣ್ಣದ ಹೊಳಪು ಟೈಲ್ಸ್ ಹಚ್ಚಿಸಿದ. ಕೋಟೆಯ ರಂಗೀನ್ ಮಹಲಿನಲ್ಲೂ ಟೈಲ್ಸ್ ಇವೆ, ಜೊತೆಗೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಅರಸರ ಬಚ್ಚಲನ್ನೇ ನೋಡಬೇಕೆಂದರೆ ಕೋಟೆಯ ಮ್ಯೂಸಿಯಂಗೆ ಹೋಗಿ. ಅದಿರುವುದು ಹಳೆಯ ಶಾಹಿ ಹಮಾಮಿನಲ್ಲೇ!

ಈಗ ಮದರಸಾದ ಮುಂದೆ ನಿಲ್ಲಿ. 1696ರಲ್ಲಿ ಮದ್ದು ಸಿಡಿದು ಒಂದು ಮಿನಾರ್ ಬಿತ್ತು, ಅದು ಬೇರೆ ಮಾತು. ನಿಂತಿರುವ ಗೋಡೆಯಿಂದಲೂ ಟೈಲ್ಸ್ ಬಹಳಷ್ಟು ಉದುರಿವೆ. ಆದರೆ ಉಳಿದ ತುಂಡುಗಳ ನೀಲಿ ಇನ್ನೂ ಹೊಳೆಯುತ್ತದೆ. ಅಂದರೆ ಹೊಳಪು ಗಟ್ಟಿ, ಬಿಟ್ಟುಹೋದದ್ದು ಹಿಂದಿನ ಹಿಡಿತ.

ಗುಜರಾತಿನ ಮೋರ್ಬಿಯಿಂದ ಬರುವ ಇಂದಿನ ಗೋಡೆ ಟೈಲಿಗೂ ಇದೇ ಲೆಕ್ಕ. ಮೇಲಿನ ಹೊಳಪು ನೀರು ಬಿಡುವುದಿಲ್ಲ, ಆದರೆ ಹಿಂದಿನ ಸುಟ್ಟ ಮಣ್ಣು ತನ್ನ ತೂಕದ 10%ಗಿಂತ ಹೆಚ್ಚು ನೀರು ಹೀರಬಲ್ಲದು. ಸಂದಿಯಿಂದ ಇಳಿದ ನೀರು ಹಿಂದೆ ಟೊಳ್ಳು ಇದ್ದಲ್ಲಿ ನಿಲ್ಲುತ್ತದೆ. ನಮ್ಮ ಮಂದಿ ಡಿಸೈನ್ ಆರಿಸಲು ಎರಡು ದಿನ ಅಂಗಡಿ ಸುತ್ತುತ್ತಾರೆ, ಗಿಲಾವ್ ಒಣಗಲು ಎರಡು ದಿನ ಬಿಡುವುದಿಲ್ಲ.

ನಾನಾದರೆ ನೀರು ಸಿಡಿಯುವ ಎತ್ತರದವರೆಗೆ ಮಾತ್ರ ಟೈಲ್ಸ್ ಹಾಕಿಸಿ, ಉಳಿದ ಹಣ ಗಿಲಾವ್ ಮತ್ತು ವಾಟರ್‌ಪ್ರೂಫಿಂಗ್‌ಗೆ ಹಾಕುತ್ತೇನೆ. ಕೆಲಸ ಮುಗಿದ ಮೇಲೆ ಪ್ರತಿ ಟೈಲನ್ನೂ ನಾಣ್ಯದಿಂದ ಬಡಿದು ನೋಡಿ. ಟೊಳ್ಳು ಸಪ್ಪಳ ಬಂದರೆ ಕೂಲಿ ಕೊಡುವ ಮೊದಲೇ ಕಿತ್ತು ಮತ್ತೆ ಹಚ್ಚಿಸಿ.