ಕಡಲಿನ ದಿಡ್ಡಿ ಬಾಗಿಲು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬುದು ನಮ್ಮಲ್ಲಿ ಹಳೆಯ ಗಾದೆ. ಹಡಗುಗಳ ರಕ್ಷಣೆಗಾಗಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಕಟ್ಟಳೆಗಳ ಚರಿತ್ರೆಯನ್ನು ಓದುವವರಿಗೆ ಈ ಗಾದೆ ಮತ್ತೆ ಮತ್ತೆ ನೆನಪಾಗದೆ ಇರದು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಹಿಮಬಂಡೆಗೆ ತಾಗಿ ಮುಳುಗಿ, ಒಂದೂವರೆ ಸಾವಿರ ಮಂದಿ ನೀರುಪಾಲಾದ ಮೇಲಲ್ಲವೆ, 1914ರಲ್ಲಿ ಲಂಡನ್ನಿನಲ್ಲಿ ಸಮುದ್ರದ ಮೇಲಿನ ಜೀವರಕ್ಷಣೆಯ ಮೊದಲ ಒಪ್ಪಂದ ಹುಟ್ಟಿದ್ದು? ಆ ಒಪ್ಪಂದದ ಕಣ್ಣಿಗೆ ಹಡಗಿನ ವೈರಿಗಳೆಂದರೆ ನೀರು, ಬೆಂಕಿ, ಬಿರುಗಾಳಿ. ಮನುಷ್ಯನೇ ವೈರಿಯಾಗಿ ಬರುವುದನ್ನು ಅದು ಎಣಿಸಿರಲಿಲ್ಲ.

ಕಡಲ್ಗಳ್ಳರು ಹಿಂದಿನಿಂದಲೂ ಇದ್ದರು, ನಿಜ. ಅವರನ್ನು ದಂಡಿಸುವ ಕಾನೂನೂ ಇತ್ತು. ಆದರೆ ಆ ಕಾನೂನಿನಂತೆ ಕಡಲ್ಗಳ್ಳನೆಂದರೆ ಒಂದು ಹಡಗಿನಿಂದ ಇನ್ನೊಂದು ಹಡಗಿನ ಮೇಲೆ ಸ್ವಂತದ ಉದ್ದೇಶಕ್ಕಾಗಿ ಎರಗುವವನು. 1985ರ ಅಕ್ಟೋಬರ್ 7ರಂದು ಇಟಲಿಯ ಅಕಿಲೆ ಲಾರೋ ಎಂಬ ಪ್ರಯಾಣಿಕರ ಹಡಗು ಅಲೆಕ್ಸಾಂಡ್ರಿಯದಿಂದ ಪೋರ್ಟ್ ಸಯೀದಿಗೆ ಸಾಗುತ್ತಿದ್ದಾಗ ಪ್ಯಾಲೆಸ್ತೀನಿನ ನಾಲ್ವರು ಶಸ್ತ್ರಧಾರಿಗಳು ಅದನ್ನು ವಶಪಡಿಸಿಕೊಂಡರು. ಅವರು ಬೇರೆ ಹಡಗಿನಿಂದ ಬಂದವರಲ್ಲ, ಪ್ರಯಾಣಿಕರಾಗಿಯೇ ಹತ್ತಿದವರು. ಅವರು ಕೇಳಿದ್ದು ಹಣವನ್ನಲ್ಲ. ಸೆರೆಯಲ್ಲಿದ್ದ ತಮ್ಮವರ ಬಿಡುಗಡೆಯನ್ನು. ಗಾಲಿಕುರ್ಚಿಯಲ್ಲಿದ್ದ 69 ವರ್ಷದ ಅಮೆರಿಕನ್ ಪ್ರಯಾಣಿಕ ಲಿಯಾನ್ ಕ್ಲಿಂಗ್‌ಹಾಫರ್ ಅವರನ್ನು ಕೊಂದು ಕಡಲಿಗೆ ಎಸೆದರು. ಹಳೆಯ ಕಾನೂನಿನ ವ್ಯಾಖ್ಯೆಗೆ ಈ ಕೃತ್ಯ ಸಿಗಲೊಲ್ಲದು! ಆ ಕೊರತೆಯನ್ನು ತುಂಬಲು 1988ರ ಮಾರ್ಚಿಯಲ್ಲಿ ರೋಮಿನಲ್ಲಿ ಹೊಸ ಒಪ್ಪಂದವಾಯಿತು.

ಆದರೆ ಆ ಒಪ್ಪಂದ ಅಪರಾಧವಾದ ಮೇಲೆ ಅಪರಾಧಿಯನ್ನು ಹಿಡಿಯುವುದಕ್ಕೇ ಹೊರತು, ಅಪರಾಧವಾಗದಂತೆ ಹಡಗನ್ನು ಕಾಯುವುದಕ್ಕಲ್ಲ. ಕಾಯುವ ಮಾತು ಬರೀ ಸಲಹೆಯಾಗಿ ಉಳಿಯಿತು. 2000ದ ಅಕ್ಟೋಬರ್ 12ರಂದು ಏಡನ್ ಬಂದರಿನಲ್ಲಿ ಸ್ಫೋಟಕ ತುಂಬಿದ ಪುಟ್ಟ ದೋಣಿಯೊಂದು ಅಮೆರಿಕದ ಯುದ್ಧನೌಕೆ ಕೋಲ್‌ನ ಪಕ್ಕೆಯನ್ನೇ ಸೀಳಿತು; 17 ನಾವಿಕರು ಸತ್ತರು. ಮರುವರ್ಷ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನಗಳೇ ಅಸ್ತ್ರಗಳಾದವು. ವಿಮಾನ ಅಸ್ತ್ರವಾಗುವುದಾದರೆ ಹಡಗೇಕೆ ಆಗಬಾರದೆಂಬ ಭಯ ಎಲ್ಲರನ್ನೂ ಹಿಡಿಯಿತು. ವರ್ಷಗಟ್ಟಲೆ ನಡೆಯಬೇಕಾದ ಮಾತುಕತೆ ಒಂದು ವರ್ಷದ ಆಸುಪಾಸಿನಲ್ಲಿ ಮುಗಿದು, 2002ರ ಡಿಸೆಂಬರಿನಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ಸಮ್ಮೇಳನ ಹಡಗು ಮತ್ತು ಬಂದರುಗಳ ಭದ್ರತಾ ಸಂಹಿತೆಯನ್ನು ಅಂಗೀಕರಿಸಿತು. 2004ರ ಜುಲೈ 1ರಿಂದ ಅದು ಜಾರಿಗೆ ಬಂದಿತು.

ಈ ಸಂಹಿತೆಯ ಏರ್ಪಾಡು ಹೀಗಿದೆ: ಪ್ರತಿ ಹಡಗಿಗೊಬ್ಬ, ಪ್ರತಿ ಹಡಗು ಕಂಪೆನಿಗೊಬ್ಬ, ಬಂದರಿನ ಕಟ್ಟೆಗೊಬ್ಬ ಭದ್ರತಾಧಿಕಾರಿ ಇರಬೇಕು. ಹಡಗಿಗೆ ಗುಟ್ಟಾದ ಭದ್ರತಾ ಯೋಜನೆ ಇರಬೇಕು. ಎಚ್ಚರಿಕೆಗೆ ಮೂರು ಮಟ್ಟ. ಒಂದನೆಯದು ದಿನನಿತ್ಯದ್ದು, ಮೂರನೆಯದು ಅಪಾಯ ತಲೆಯ ಮೇಲೆ ಬಂದಾಗಿನದು. ಇದರೊಡನೆ ಬಂದ ನಿಯಮಗಳಂತೆ ಹಡಗಿನಲ್ಲಿ ಒಂದು ಗುಪ್ತ ಗುಂಡಿಯೂ ಇರುತ್ತದೆ. ಅದನ್ನೊತ್ತಿದರೆ ಹಡಗಿನಲ್ಲಿ ಸದ್ದಿಲ್ಲ. ದೂರದ ದಡದ ಅಧಿಕಾರಿಗಳಿಗೆ ಮಾತ್ರ ಸುದ್ದಿ ಮುಟ್ಟುತ್ತದೆ. ಪಣಂಬೂರಿನ ನಮ್ಮ ನವಮಂಗಳೂರು ಬಂದರಿಗೂ ಈ ಕಟ್ಟಳೆಯೇ ಅನ್ವಯ.

ಹೀಗೆ ಹೆಬ್ಬಾಗಿಲಿಗೆ ಭದ್ರವಾದ ಅಗುಳಿ ಬಿದ್ದಿತು. ದಿಡ್ಡಿ ಬಾಗಿಲ ಗತಿಯೇನು? ಸಂಹಿತೆ ಅನ್ವಯಿಸುವುದು ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕರ ಹಡಗುಗಳಿಗೆ, 500 ಟನ್ನೇಜಿಗೆ ಕಡಿಮೆಯಿಲ್ಲದ ಸರಕು ಹಡಗುಗಳಿಗೆ, ಇವು ತಂಗುವ ಬಂದರುಗಳಿಗೆ. ಮೀನುಗಾರರ ದೋಣಿ ಅದರ ಲೆಕ್ಕಕ್ಕಿಲ್ಲ. ಕೋಲ್ ನೌಕೆಯನ್ನು ಸೀಳಿದ್ದು ಪುಟ್ಟ ದೋಣಿಯೆಂಬುದು ಗೊತ್ತಿದ್ದೂ ಹೀಗಾಯಿತು. ನಮ್ಮ ದೇಶಕ್ಕಂತೂ ಈ ಪಾಠ ಹೊಸತಾಗಿರಲಿಲ್ಲ. 1993ರ ಮಾರ್ಚಿಯಲ್ಲಿ ಮುಂಬಯಿಯನ್ನು ನಡುಗಿಸಿದ ಆರ್‌ಡಿಎಕ್ಸ್ ಬಂದಿಳಿದದ್ದು ದೊಡ್ಡ ಬಂದರಿನಲ್ಲಲ್ಲ, ರಾಯಗಡ ಕರಾವಳಿಯ ಸಣ್ಣ ಇಳಿದಾಣಗಳಲ್ಲಿ.

2008ರ ನವೆಂಬರಿನಲ್ಲಿ ಅದೇ ದಾರಿ ಮತ್ತೆ ತೆರೆಯಿತು. ಕರಾಚಿಯಿಂದ ಹೊರಟ ಹತ್ತು ಮಂದಿ ನಡುಗಡಲಿನಲ್ಲಿ ಗುಜರಾತಿನ ‘ಕುಬೇರ’ ಎಂಬ ಮೀನುಗಾರಿಕೆಯ ದೋಣಿಯನ್ನು ಹಿಡಿದು, ಮುಂಬಯಿಯ ಹತ್ತಿರ ಗಾಳಿ ತುಂಬಿದ ರಬ್ಬರು ದೋಣಿಗಿಳಿದು, 26ರ ರಾತ್ರಿ ಕೊಲಾಬಾದ ಬೆಸ್ತರ ಕೇರಿಯ ದಡ ಸೇರಿದರು. ಮುಂದಿನ ಮೂರು ದಿನಗಳಲ್ಲಿ ಸತ್ತವರ ಸಂಖ್ಯೆ 166. ಆದರೆ ಆ ದಾಳಿಗೆ ಮೊದಲು ಬಲಿಯಾದವರು ‘ಕುಬೇರ’ದ ತಂಡೇಲ ಮತ್ತು ಅವನ ನಾಲ್ವರು ಖಲಾಸಿಗಳೆಂಬುದನ್ನು ನೆನೆಯುವವರು ಕಡಿಮೆ. ಸಣ್ಣ ದೋಣಿಗಳಿಗೂ ಅನ್ವಯಿಸುವ ಮಾರ್ಗಸೂಚಿಯನ್ನು ಸಾಗರಯಾನ ಸಂಸ್ಥೆ ಹೊರಡಿಸಿದ್ದು ಅದರ ಮುಂದಿನ ತಿಂಗಳು, ಅದೂ ಕಡ್ಡಾಯವಲ್ಲ. ಮೀನುಗಾರರಿಗೆ ಬೆರಳಚ್ಚಿನ ಗುರುತುಚೀಟಿ ಕೊಟ್ಟು, ಕರಾವಳಿಯ ಕಾವಲನ್ನು ಹೆಚ್ಚಿಸುವ ಕೆಲಸ ನಮ್ಮಲ್ಲಿ ಚುರುಕಾದದ್ದೂ ಅನಂತರವೇ.

ಇಲ್ಲಿ ಯೋಚಿಸತಕ್ಕ ಮಾತೊಂದಿದೆ. ಕಟ್ಟಳೆಗಳು ಬಿಗಿಯಾದಂತೆಲ್ಲ ಕಡಲನ್ನೇ ನಂಬಿ ಬದುಕುವವನು ಮೊದಲು ಸಂಶಯದ ಕಣ್ಣಿಗೆ ಬೀಳುತ್ತಾನೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದ ನಾವಿಕನಿಗೆ ಹಡಗು ದಡಕ್ಕೆ ತಾಗಿದಾಗ ನಾಲ್ಕು ಹೆಜ್ಜೆ ನೆಲದ ಮೇಲೆ ಓಡಾಡುವ ಆಸೆ ಸಹಜ. 2004ರಿಂದೀಚೆಗೆ ಭದ್ರತೆಯ ಹೆಸರಿನಲ್ಲಿ ಎಷ್ಟೋ ಬಂದರುಗಳಲ್ಲಿ ಅವನನ್ನು ಹಡಗಿನಲ್ಲೇ ತಡೆದ ದೂರುಗಳು ಬಂದಿವೆ. ಸೋಜಿಗವೆಂದರೆ, ಸಂಹಿತೆಯ ಪೀಠಿಕೆ ಇದಕ್ಕೆ ವಿರುದ್ಧವಾದ ಮಾತನ್ನೇ ಹೇಳುತ್ತದೆ: ನಾವಿಕರು ಹಡಗಿನಲ್ಲೇ ಬಾಳುವವರು, ಅವರಿಗೆ ದಡಕ್ಕಿಳಿಯುವ ಬಿಡುವೂ ವೈದ್ಯಕೀಯ ನೆರವೂ ಬೇಕು, ಭದ್ರತಾ ಯೋಜನೆಗಳನ್ನು ಒಪ್ಪುವಾಗ ಸರಕಾರಗಳು ಇದನ್ನು ಮರೆಯಬಾರದು ಎಂದು. ಉಳಿದ ಕಟ್ಟಳೆಗಳಿಗೆ ಸಿಕ್ಕ ಬಿಗಿ ಈ ಮಾತಿಗೆ ಸಿಗಲಿಲ್ಲ.

ಕಟ್ಟಳೆಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಕಡಲಿಗೆ ಗೋಡೆಯಿಲ್ಲ, ದಿಡ್ಡಿ ಬಾಗಿಲುಗಳಿಗೆ ಲೆಕ್ಕವಿಲ್ಲ. ಅಪರಿಚಿತ ದೋಣಿಯೊಂದು ಹೊತ್ತಲ್ಲದ ಹೊತ್ತಿನಲ್ಲಿ ಬಂದುದನ್ನು ಮೊದಲು ಗುರುತಿಸಬಲ್ಲವನು ಬಲೆ ಬೀಸುತ್ತಿರುವ ಮೀನುಗಾರ. ಹಡಗಿನ ಮೂಲೆಯಲ್ಲಿ ಇರಬಾರದ ಗಂಟೊಂದು ಇರುವುದನ್ನು ಕಾಣಬಲ್ಲವನು ಖಲಾಸಿ. ಅವರು ಕಂಡದ್ದನ್ನು ಹೇಳಬೇಕಾದರೆ ಕೇಳುವವರ ಮೇಲೆ ನಂಬಿಕೆಯಿರಬೇಕು. ಚೀಟಿ ತೋರಿಸು ಎಂದಷ್ಟೇ ಅವರೊಡನೆ ಮಾತನಾಡಿದರೆ ಆ ನಂಬಿಕೆ ಎಲ್ಲಿಂದ ಬರಬೇಕು?